ಹೆಡ್‌ಮಿಸ್ ಸಾಕಿದ ಹುಳ ತಿನ್ನುವ ಗಿಡಗಳು

ಹೆಡ್‌ಮಿಸ್ ತೀರಿಕೊಂಡ ದಿನ ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು ನನ್ನ ಕೈಗೊಂದು ಚೀಟಿ ಕೊಟ್ಟರು. ಲಿಫ್ಟಿನ ಪಕ್ಕದ ಬೋರ್ಡಿಗೆ ಅಂಟಿಸಬೇಕಾದ ಸಂತಾಪದ ಒಕ್ಕಣೆ. ‘ಪ್ರಕೃತಿಪ್ರೇಮಿ, ಮೃದುಭಾಷಿ, ಎಲ್ಲರೊಡನೆ ಹೊಂದಿಕೊಂಡು ಬಾಳಿದ ಹಿರಿಯ ಜೀವ ವೈಕುಂಠವಾಸಿಯಾದರು’ ಎಂದಿತ್ತು. ಹಣೆಯ ತುಂಬ ವಿಭೂತಿ ಧರಿಸಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಇಷ್ಟು ವರ್ಷ ಇದೇ ಲಿಫ್ಟಿನಲ್ಲಿ ಓಡಾಡಿದ ಹೆಂಗಸನ್ನು ಅಧ್ಯಕ್ಷರು ಒಂದೇ ಸಾಲಿನಲ್ಲಿ ವೈಕುಂಠಕ್ಕೆ ಸಾಗಹಾಕಿದ್ದರು. ನಾನು ಅದನ್ನು ‘ಲಿಂಗೈಕ್ಯರಾದರು’ ಎಂದು ತಿದ್ದಿದೆ. ಉಳಿದ ಮೂರು ಸುಳ್ಳುಗಳನ್ನು ಹಾಗೇ ಬಿಟ್ಟೆ. ಸತ್ತವರ ವಿಷಯದಲ್ಲಿ ಅಷ್ಟು ಸುಳ್ಳು ನಮ್ಮ ಪದ್ಮನಾಭನಗರದಲ್ಲಿ ನಡೆಯುತ್ತದೆ.

ಮೃದುಭಾಷಿಯಂತೆ! ಆಕೆ ಬಾಯಿ ತೆರೆದರೆ ಲಿಫ್ಟಿನೊಳಗಿದ್ದವರು ಒಂದು ಮಹಡಿ ಮೊದಲೇ ಇಳಿದು ಮೆಟ್ಟಿಲು ಹಿಡಿಯುತ್ತಿದ್ದರು. ಪ್ರಕೃತಿಪ್ರೇಮಿಯೂ ಅಲ್ಲ. ಪಾರಿವಾಳ ಕಂಡರೆ ಪೊರಕೆ ಎತ್ತುತ್ತಿದ್ದರು. ಬೀದಿನಾಯಿಗೆ ಬಿಸ್ಕತ್ತು ಹಾಕುವವರನ್ನು ನಿಲ್ಲಿಸಿ ಪಾಠ ಮಾಡುತ್ತಿದ್ದರು. ಗುಲಾಬಿ ಗಿಡವೆಂದರೆ ‘ಮದುವೆಮನೆ ಷೋಕಿ’ ಎನ್ನುತ್ತಿದ್ದರು. ಇಡೀ ಪ್ರಕೃತಿಯಲ್ಲಿ ಅವರಿಗೆ ಇಷ್ಟವಾಗಿದ್ದುದು ಒಂದೇ ಒಂದು ಜಾತಿ. ಅಂಗೈಯಷ್ಟು ಅಗಲದ, ಬಿಳಿ ಕುಂಡದಲ್ಲಿ ಬೆಳೆಯುವ, ನೋಡಲು ಕಳೆಯಂತಿರುವ, ಹುಳ ಹಿಡಿದು ತಿನ್ನುವ ಡ್ರಾಸೆರಾ ಗಿಡ.

ಆಕೆಯ ಹೆಸರು ನನಗೆ ಗೊತ್ತು. ಆದರೆ ಆ ಕಟ್ಟಡದಲ್ಲಿ ಹೆಸರು ಹಿಡಿದು ಕರೆದವರಿಲ್ಲ, ಈಗ ಬರೆದರೆ ಬೇರೆ ಯಾರದೋ ಕಥೆಯಾದೀತು. ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾಗಿದ್ದರು. ಶಾಲೆಯಿಂದ ಆಕೆ ನಿವೃತ್ತರಾದರೇ ಹೊರತು ಆಕೆಯಿಂದ ಶಾಲೆ ನಿವೃತ್ತವಾಗಲಿಲ್ಲ. ಮದುವೆಯಾಗಿರಲಿಲ್ಲ. ‘ಯಾಕೆ ಆಗ್ಲಿಲ್ಲ ಮಿಸ್?’ ಎಂದು ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ಕೇಳಿದಾಗ, ‘ಹಾಜರಾತಿ ಕಮ್ಮಿ ಇತ್ತು’ ಎಂದಿದ್ದರು. ಹುಡುಗರ ಹಾಜರಾತಿಯೋ ಆಕೆಯದೋ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನಾನು ಎದುರು ಮನೆ. ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಬೇರೆ ಯಾರೂ ಒಪ್ಪದ ಕಾರಣಕ್ಕೆ ಸಂಘದ ಕಾರ್ಯದರ್ಶಿಯೂ ಆಗಿದ್ದೇನೆ. ಹನ್ನೊಂದು ವರ್ಷ ಆಕೆಯ ಬಾಗಿಲಿಗೂ ನನ್ನ ಬಾಗಿಲಿಗೂ ನಡುವೆ ಇದ್ದದ್ದು ಆರು ಹೆಜ್ಜೆ.

ಆಕೆಯ ಕೈಚೀಲದಲ್ಲಿ ಪೆನ್ನಿನಂಥ ಒಂದು ಮೀಟರು ಇರುತ್ತಿತ್ತು. ನೀರಿಗೆ ಅದ್ದಿದರೆ ಅದರಲ್ಲಿ ಎಷ್ಟು ಲವಣ ಕರಗಿದೆ ಎಂದು ತೋರಿಸುವಂಥದು. ಗಿಡಗಳಿಗಾಗಿ ಕೊಂಡದ್ದು, ಆದರೆ ಗಿಡಗಳಿಗಷ್ಟೇ ಬಳಸಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಮೊದಲ ಸಲ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಕರೆದಾಗ ನಾನು ಕೊಟ್ಟ ಲೋಟಕ್ಕೆ ಅದನ್ನು ಅದ್ದಿದರು.

‘ನಾನೂರ ಹತ್ತು. ಇದನ್ನ ಕುಡೀತೀರಾ?’

‘ಇಷ್ಟು ವರ್ಷ ಕುಡ್ಕೊಂಡೇ ಬಂದಿದೀವಲ್ಲ ಮಿಸ್,’ ಎಂದೆ.

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಕಾಣ್ತಿದೆ’ ಎಂದರು.

ಬಳಗದ ಮದುವೆಯಲ್ಲಿ ಪಾನಕಕ್ಕೆ ಅದ್ದಿದರೆಂದೂ, ದೇವಸ್ಥಾನದಲ್ಲಿ ತೀರ್ಥಕ್ಕೆ ಅದ್ದಿ ಅರ್ಚಕರ ಕೆಂಗಣ್ಣಿಗೆ ಗುರಿಯಾದರೆಂದೂ ಕಟ್ಟಡದಲ್ಲಿ ಕಥೆಗಳಿದ್ದವು. ಪಾನಕದ್ದು ಸುಳ್ಳಿರಬಹುದು. ತೀರ್ಥದ್ದನ್ನು ನಾನೇ ಕಂಡಿದ್ದೇನೆ.

ಈ ಗಿಡದ ಹುಚ್ಚು ಹಿಡಿದದ್ದು ಹೇಗೆಂದು ಒಮ್ಮೆ ತಾವಾಗಿಯೇ ಹೇಳಿದ್ದರು. ‘ಕೀಟಾಹಾರಿ ಸಸ್ಯಗಳು’ ಎಂಬ ಪಾಠವನ್ನು ಗೋಡೆಗೆ ನೇತುಹಾಕಿದ ಚಾರ್ಟು ತೋರಿಸಿಯೇ ವರ್ಷವರ್ಷವೂ ಮಾಡಿದ್ದರಂತೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, ‘ಮಿಸ್, ನೀವು ನೋಡಿದೀರಾ?’ ಎಂದಳಂತೆ.

‘ನೀವೇನಂದ್ರಿ?’ ಎಂದೆ.

‘ಏನಂತೀನಿ? ಕೂತ್ಕೊ ಅಂದೆ. ಅವಳು ಕೂತ್ಲು. ನಾನು ರಿಟೈರ್ ಆಗೋವರೆಗೂ ನಿಂತೇ ಇದ್ದೆ.’

ನಿವೃತ್ತಿಯಾದ ತಿಂಗಳೇ ಗಿಡ ತರಿಸಿದರು. ಮೊದಲ ಮೂರು ಸತ್ತವು. ಆ ಸಾವುಗಳನ್ನು ನೆಂಟರ ಸಾವಿನಂತೆ ವಿವರಿಸುತ್ತಿದ್ದರು. ‘ದೊಡ್ಡದು ಬೋರ್‌ವೆಲ್ ನೀರಿಗೆ ಹೋಯ್ತು. ಎರಡ್ನೇದಕ್ಕೆ ನಮ್ಮ ತಂಗಿ ಬಂದು ಎರೆಗೊಬ್ಬರ ಹಾಕಿದ್ಲು, ನಾಲ್ಕೇ ದಿನ. ಮೂರ್ನೇದನ್ನ ಪಾಪ ಅಂತ ನೆರಳಲ್ಲಿಟ್ಟೆ. ಅದು ನನ್ನದೇ ತಪ್ಪು.’ ಗೊಬ್ಬರ ಹಾಕಿದರೆ ಗಿಡ ಸಾಯುವುದೆಂದರೇನು ಎಂದು ನಾನು ನಕ್ಕಾಗ ಸಿಟ್ಟಾದರು. ‘ಸಾರ ಇಲ್ಲದ ಜೌಗು ನೆಲದಲ್ಲಿ ಹುಟ್ಟಿದ ಜಾತಿ ರೀ ಇದು. ಮಣ್ಣಲ್ಲಿ ಸಿಗದೇ ಇದ್ದಿದ್ದನ್ನ ಗಾಳಿಯಲ್ಲಿ ಹಾರೋದ್ರಿಂದ ಹಿಡ್ಕೊಂಡು ತಿನ್ನೋದು ಕಲಿತಿದೆ. ನೀವು ಬೇರಿಗೆ ಹಬ್ಬದೂಟ ಹಾಕಿದ್ರೆ ಬೇರು ಸುಡುತ್ತೆ.’

ನಾಲ್ಕನೆಯದು ಉಳಿಯಿತು. ಅದರಿಂದ ಹದಿನಾಲ್ಕು ಕುಂಡಗಳಾದವು. ಪೂರ್ವದ ಬಾಲ್ಕನಿಯಲ್ಲಿ, ಒಣಪಾಚಿ ಮತ್ತು ತೊಳೆದ ಮರಳು ತುಂಬಿದ ಕುಂಡಗಳು ನೀರಿರುವ ತಟ್ಟೆಗಳಲ್ಲಿ ಸಾಲಾಗಿ ಕೂತಿರುತ್ತಿದ್ದವು, ಥೇಟು ಪ್ರಾರ್ಥನೆಗೆ ನಿಂತ ಮಕ್ಕಳಂತೆ. ಬೆಳಗಿನ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಚಿಮುಟ ಹಿಡಿದು ಅಲ್ಲಿಗೆ ಬರುತ್ತಿದ್ದರು. ನೀರು ಮಳೆಯದೇ ಆಗಬೇಕು, ಇಲ್ಲವೇ ಮೂರನೆಯ ಮಹಡಿಯ ಗಂಡ ಹೆಂಡತಿಯ ಎಸಿಯಿಂದ ತೊಟ್ಟಿಕ್ಕಿದ್ದಾಗಬೇಕು. ಮಳೆ ಶುರುವಾದರೆ ಊರೆಲ್ಲ ಒಳಗೆ ಓಡುತ್ತಿತ್ತು. ಈಕೆ ರೇನ್‌ಕೋಟು ತೊಟ್ಟು, ಸ್ಟೀಲ್ ಕೊಳಗಗಳನ್ನು ಹೊತ್ತು ಟೆರೇಸಿಗೆ ಓಡುತ್ತಿದ್ದರು. ಮೊದಲ ಹತ್ತು ನಿಮಿಷದ ಮಳೆ ಬೇಡ, ಅದರಲ್ಲಿ ಊರಿನ ಧೂಳಿರುತ್ತದೆ. ಹಾಗಾಗಿ ಆ ಹತ್ತು ನಿಮಿಷ ಕೊಳಗಗಳನ್ನು ಬೋರಲು ಹಾಕಿ, ಕೈಗಡಿಯಾರ ನೋಡುತ್ತ ಮಳೆಯಲ್ಲೇ ನಿಂತಿರುತ್ತಿದ್ದರು. ಪರೀಕ್ಷೆಯ ಗಂಟೆ ಬಾರಿಸಲು ಕಾಯುವವರ ಮುಖ.

ಊಟದ ವ್ಯವಸ್ಥೆ ಇನ್ನೂ ಚೆನ್ನಾಗಿತ್ತು. ಕಪ್ಪಾಗಿ ಕೊಳೆತ ಬಾಳೆಹಣ್ಣನ್ನು ಗಿಡಗಳ ನಡುವೆ ಇಡುತ್ತಿದ್ದರು. ಅದಕ್ಕೆ ಸಣ್ಣ ಗುಂಗುರುಗಳು ಮುತ್ತುತ್ತಿದ್ದವು. ಗಿಡದ ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲ ತುದಿಗೂ ಒಂದು ಹನಿ ಅಂಟು. ಬೆಳಗಿನ ಬಿಸಿಲಿಗೆ ಇಬ್ಬನಿ ಬಿದ್ದಂತೆ ಹೊಳೆಯುತ್ತಿತ್ತು. ಗುಂಗುರು ಅದನ್ನು ಜೇನೆಂದುಕೊಂಡು ಕೂತರೆ ಮುಗಿಯಿತು. ಮೂರನೆಯ ಮಹಡಿಯವರು ಒಂದು ಭಾನುವಾರ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಬಂದು, ಮೊಬೈಲ್ ಎತ್ತಿ ಹಿಡಿದು ಬಾಲ್ಕನಿಯಲ್ಲಿ ನಿಂತರು.

‘ಯಾವಾಗ ಮಿಸ್ ಬಾಯಿ ಮುಚ್ಚೋದು?’

‘ಬಾಯಿ ಇಲ್ಲ ಇದಕ್ಕೆ.’

‘ಮತ್ತೆ? ಸಖತ್ತಾಗಿ ಗಬಕ್ಕಂತ ಹಿಡಿಯುತ್ತೆ ಅಂತ ವಿಡಿಯೋದಲ್ಲಿ...’

‘ಅದು ಬೇರೆ ಗಿಡ. ಇದರ ಎಲೆ ನಿಧಾನಕ್ಕೆ ಸುತ್ಕೊಳುತ್ತೆ. ಸಂಜೆ ಬನ್ನಿ, ಅರ್ಧ ಮಡಚಿರುತ್ತೆ. ಒಂದು ವಾರ ಬಿಟ್ಟು ಬನ್ನಿ, ತಿಂದು ಮುಗಿಸಿರುತ್ತೆ.’

‘ತುಂಬಾ ಸ್ಲೋ ಅಲ್ವಾ ಮಿಸ್?’

‘ಇದಕ್ಕೇನು ಸೋಮವಾರ ಆಫೀಸಿಲ್ಲ,’ ಎಂದರು.

ಅಧ್ಯಕ್ಷರೂ ಒಮ್ಮೆ ಕೆಣಕಲು ಹೋಗಿ ಕೆಟ್ಟರು. ನೆಲಮಹಡಿಯ ಈ ನಿವೃತ್ತ ಇಂಜಿನಿಯರ್ ಸಂಜೆಯಾದರೆ ಸೊಳ್ಳೆಬ್ಯಾಟು ಹಿಡಿದು ಗೇಟಿನ ಬಳಿ ಗಸ್ತು ತಿರುಗುತ್ತಾರೆ. ‘ಏನ್ ಮೇಡಂ, ನೀವು ಲಿಂಗ ಕಟ್ಕೊಂಡೋರು. ಮನೇಲಿ ಮಾಂಸಾಹಾರಿನ ಸಾಕಿದೀರಲ್ಲ?’ ಎಂದು ಎಲ್ಲರೆದುರು ನಕ್ಕರು.

ಹೆಡ್‌ಮಿಸ್ ಬ್ಯಾಟಿನ ಕಡೆ ನೋಡಿದರು. ‘ದಿನಾ ಸಂಜೆ ಪಟಪಟ ಅಂತ ಅಷ್ಟು ಕೊಲ್ತೀರಲ್ಲ, ತಿಂತೀರಾ ನೀವು?’

‘ಛೆ, ಛೆ! ನಾವ್ಯಾಕೆ ತಿಂತೀವಿ?’

‘ಅದೇ. ನನ್ನ ಗಿಡ ತಿನ್ನುತ್ತೆ. ಸುಮ್‌ಸುಮ್ನೆ ಕೊಲ್ಲಲ್ಲ.’

ಅಧ್ಯಕ್ಷರು ಈ ಮಾತನ್ನು ಮರೆಯಲಿಲ್ಲ. ಅವಕಾಶಕ್ಕೆ ಕಾದರು. ಅವಕಾಶವನ್ನು ಒದಗಿಸಿದವಳು ನಾನು.

ಆ ಮಳೆಗಾಲ ನನ್ನ ಗಂಡನಿಗೆ ಡೆಂಗಿ ಬಂತು. ಪ್ಲೇಟ್‌ಲೆಟ್ ದಿನದಿನಕ್ಕೂ ಇಳಿಯುತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಬೆಳಗಿನ ರಿಪೋರ್ಟಿಗೂ ಸಂಜೆಯ ರಿಪೋರ್ಟಿಗೂ ನಡುವೆ ನಾನು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ನಾಲ್ಕನೆಯ ದಿನ ಬಟ್ಟೆ ಒಯ್ಯಲು ಮನೆಗೆ ಬಂದಾಗ ಅಧ್ಯಕ್ಷರು ಗೇಟಿನಲ್ಲೇ ನಿಲ್ಲಿಸಿದರು.

‘ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಎದುರುಗಡೆನೇ ಹದಿನಾಲ್ಕು ತಟ್ಟೆ ನೀರು ನಿಂತಿದೆ. ಸೊಳ್ಳೆ ಎಲ್ಲಿಂದ ಬಂತು ಅಂತ ಕೇಳೋಕೆ ಸೈಂಟಿಸ್ಟ್ ಆಗ್ಬೇಕಾ?’

ಆ ಗಳಿಗೆಯಲ್ಲಿ ನನಗದು ಸೂರ್ಯನಷ್ಟು ಸತ್ಯವಾಗಿ ಕಂಡಿತು. ಯಾರ ಮೇಲಾದರೂ ಸಿಟ್ಟಾಗಬೇಕಿತ್ತು. ದೇವರ ಮೇಲೆ ಆಗುವಂತಿರಲಿಲ್ಲ, ಆಗಷ್ಟೇ ಹರಕೆ ಹೊತ್ತಿದ್ದೆ. ನಿಂತ ಕಾಲಲ್ಲೇ ನೋಟಿಸು ಬರೆದೆ. ನಿವಾಸಿಗಳ ಆರೋಗ್ಯದ ಹಿತದೃಷ್ಟಿಯಿಂದ ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ನೀರು ನಿಲ್ಲಿಸಿ ಸೊಳ್ಳೆ ಬೆಳೆಸುತ್ತಿರುವ ಕುಂಡಗಳನ್ನು ಮೂರು ದಿನದೊಳಗೆ ತೆಗೆಯತಕ್ಕದ್ದು, ತಪ್ಪಿದಲ್ಲಿ ಸಂಘವೇ ತೆಗೆಸುವುದು, ಇತ್ಯಾದಿ. ಲಿಫ್ಟಿನ ಪಕ್ಕ ಅಂಟಿಸಿ ಆಸ್ಪತ್ರೆಗೆ ಹೋದೆ. ಎದುರು ಮನೆಯ ಬಾಗಿಲು ತಟ್ಟಲಿಲ್ಲ. ಆರು ಹೆಜ್ಜೆ ದೂರ ಎಂದು ಆಗಲೇ ಹೇಳಿದ್ದೇನೆ.

ಮರುದಿನ ನೋಟಿಸು ಬೋರ್ಡಿನಲ್ಲಿರಲಿಲ್ಲ. ನನ್ನ ಬಾಗಿಲ ಸಂದಿಯಲ್ಲಿತ್ತು. ಕೆಂಪು ಶಾಯಿಯಲ್ಲಿ ತಿದ್ದಿತ್ತು. ಅವಸರದಲ್ಲಿ ನಾನು ‘ಹಿತದೃಷ್ಠಿ’ ಎಂದು ಬರೆದಿದ್ದೆ. ಅದಕ್ಕೊಂದು ಸುತ್ತು ಹಾಕಿ, ‘ಕನ್ನಡ ಲೆಕ್ಚರರ್!’ ಎಂದು ಪಕ್ಕದಲ್ಲಿ ಬರೆದಿದ್ದರು. ‘ಸೊಳ್ಳೆ ಬೆಳೆಸುತ್ತಿರುವ’ ಎಂಬುದರ ಕೆಳಗೆ ಎರಡು ಗೆರೆ. ‘ನೋಡಿದಿರಾ? ಊಹೆಯನ್ನು ಉತ್ತರವಾಗಿ ಬರೆಯಬಾರದು.’ ಕೊನೆಗೆ ನೂರಕ್ಕೆ ಮೂವತ್ತೈದು ಕೊಟ್ಟು, ‘ಗಂಡನಿಗೆ ಹುಷಾರಿಲ್ಲದ ಕಾರಣ ಪಾಸು ಮಾಡಿದೆ’ ಎಂದು ಸಹಿ ಹಾಕಿದ್ದರು.

ಇಷ್ಟರಲ್ಲಿ ಆರೋಗ್ಯ ಇಲಾಖೆಯಿಂದ ಲಾರ್ವಾ ಹುಡುಕುವ ಕಾರ್ಯಕರ್ತೆಯೊಬ್ಬರು ಬಂದರು. ಬೇಗೂರಿನವರು, ಎರಡು ಮಕ್ಕಳ ತಾಯಿ, ಕೈಯಲ್ಲಿ ಟಾರ್ಚು ಮತ್ತು ಒಂದು ರಿಜಿಸ್ಟರು. ಅಂದು ನನ್ನ ಗಂಡನ ಪ್ಲೇಟ್‌ಲೆಟ್ ಏರತೊಡಗಿತ್ತು. ನಾನು ಸ್ನಾನಕ್ಕೆಂದು ಮನೆಗೆ ಬಂದಿದ್ದೆ. ಅಧ್ಯಕ್ಷರು ಆಕೆಯನ್ನು ಬೇರೆಲ್ಲೂ ನಿಲ್ಲಲು ಬಿಡದೆ ನೇರ ಎರಡನೆಯ ಮಹಡಿಗೆ ಕರೆತಂದರು. ಹಿಂದೆ ಅರ್ಧ ಕಟ್ಟಡ ಬಂತು. ಕಾರ್ಯದರ್ಶಿಯಾಗಿ ನಾನೂ ಹೋದೆ.

ಹೆಡ್‌ಮಿಸ್ ಬಾಗಿಲು ತೆರೆದು, ‘ಚಪ್ಪಲಿ ಆಚೆ’ ಎಂದಷ್ಟೇ ಹೇಳಿದರು.

ಕಾರ್ಯಕರ್ತೆ ತಟ್ಟೆ ತಟ್ಟೆಗೂ ಟಾರ್ಚು ಹಾಕಿ ನೋಡಿದರು. ನೀರು ಕನ್ನಡಿಯಂತಿತ್ತು. ‘ಎಷ್ಟು ದಿನಕ್ಕೆ ಚೇಂಜ್ ಮಾಡ್ತೀರಾ ಅಮ್ಮ?’

‘ಎರಡು ದಿನಕ್ಕೊಂದ್ಸಲ. ಹಳೇ ತಟ್ಟೆ ಒರೆಸಿ ಬಿಸಿಲಿಗೆ ಬೋರಲು ಹಾಕ್ತೀನಿ. ಲಾರ್ವಾ ಸೊಳ್ಳೆ ಆಗೋಕೆ ವಾರ ಬೇಕು. ನಾನು ಅದಕ್ಕೆ ಅಷ್ಟು ಟೈಮ್ ಕೊಡಲ್ಲ.’

‘ಮಳೆನೀರಿನ ಕ್ಯಾನುಗಳು?’

‘ಮುಚ್ಚಳ ಇದೆ. ತೆಗೆದು ನೋಡಿ.’

ನೋಡಿದರು. ಏನೂ ಇರಲಿಲ್ಲ. ಕೆಲಸ ಮುಗಿಯಿತೆಂದು ನಾವು ತಿರುಗುವಷ್ಟರಲ್ಲಿ ಕಾರ್ಯಕರ್ತೆ ಮಾತ್ರ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದು ಎಲೆಯ ಹತ್ತಿರ ಮುಖ ತಂದು, ‘ಅಮ್ಮ, ಇದು ಹುಳಾನ ಅರಗಿಸ್ಕೊಳ್ಳೋದು ಹೇಗೆ? ಹೊಟ್ಟೆ ಎಲ್ಲಿದೆ ಇದಕ್ಕೆ?’ ಎಂದು ಕೇಳಿದರು.

ಅಷ್ಟು ವರ್ಷಗಳಲ್ಲಿ ನಮ್ಮ ಕಟ್ಟಡದಿಂದ ಅಂಥ ಪ್ರಶ್ನೆ ಬಂದಿರಲಿಲ್ಲ. ನಾವು ಕೇಳಿದ್ದೆಲ್ಲ, ಬೆರಳು ಇಟ್ಟರೆ ಕಚ್ಚುತ್ತದಾ, ವಾಸ್ತುವಿಗೆ ಆಗುತ್ತದಾ, ಇಷ್ಟೇ. ‘ಕೂತ್ಕೊ’ ಎಂದರು ಹೆಡ್‌ಮಿಸ್, ಏಕವಚನದಲ್ಲಿ. ಈ ಸಲ ಅದು ಬಾಯಿ ಮುಚ್ಚಿಸುವ ಕೂತ್ಕೊ ಆಗಿರಲಿಲ್ಲ. ಎಲೆಯ ಅಂಟಿನಲ್ಲೇ ಅರಗಿಸುವ ರಸವಿದೆ, ಎಲೆಯೇ ಕೈ, ಎಲೆಯೇ ಬಾಯಿ, ಎಲೆಯೇ ಹೊಟ್ಟೆ ಎಂದು ಹತ್ತು ನಿಮಿಷ ವಿವರಿಸಿದರು. ಅಧ್ಯಕ್ಷರು ಮೂರು ಸಲ ಗಡಿಯಾರ ನೋಡಿಕೊಂಡರು.

ಕೆಳಗೆ ಬಂದ ಮೇಲೆ ಕಾರ್ಯಕರ್ತೆ ಲಾಬಿಯಲ್ಲಿ ನಿಂತು ಟಾರ್ಚು ಹಾಕಿದರು. ಅಲ್ಲಿ ಅಧ್ಯಕ್ಷರು ಸಂಘದ ದುಡ್ಡಿನಲ್ಲಿ, ಸಕಾರಾತ್ಮಕ ಶಕ್ತಿಗಾಗಿ ನೀರು ತುಂಬಿ ಹೂ ತೇಲಿಸಿ ಇರಿಸಿದ್ದ ಉರುಳಿ ಎಂಬ ದೊಡ್ಡ ಹಿತ್ತಾಳೆ ಪಾತ್ರೆಯಿತ್ತು. ಮೇಲೆ ಬಾಡಿದ ಸೇವಂತಿಗೆ, ಕೆಳಗೆ ಕುಣಿಯುವ ಲಾರ್ವಾ. ‘ಸಾರ್, ಇಲ್ಲಿ ಫುಲ್ ಇದೆ’ ಎಂದರು. ಅಧ್ಯಕ್ಷರು ಬಗ್ಗಿ ನೋಡಿ, ‘ಇವು ಮೀನಿನ ಮರಿ ಇರ್ಬೇಕು’ ಎಂದರು. ನಾವ್ಯಾರೂ ನಗಲಿಲ್ಲ. ಅಷ್ಟು ಸಭ್ಯತೆ ನಮಗಿದೆ.

ನನಗೂ ನಗುವ ಹಕ್ಕಿರಲಿಲ್ಲ ಎಂಬುದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ನಮ್ಮ ಮನೆಯ ಸರದಿ ಬಂದಾಗ ಕಾರ್ಯಕರ್ತೆ ಫ್ರಿಜ್ಜಿನ ಹಿಂದೆ ಬಗ್ಗಿ, ನೀರು ಇಳಿಯುವ ತಟ್ಟೆಯನ್ನು ಎಳೆದರು. ಅಂಥದೊಂದು ತಟ್ಟೆ ಅಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಅದರೊಳಗೆ ದಾರದ ತುಂಡಿನಂಥವು ನುಲಿಯುತ್ತಿದ್ದವು. ಆ ಫ್ರಿಜ್ಜಿಗೆ ಒರಗಿಸಿದ ಕುರ್ಚಿಯಲ್ಲೇ ನನ್ನ ಗಂಡ ದಿನಾ ಪೇಪರ್ ಓದುತ್ತಿದ್ದುದು. ನನ್ನ ಮುಖ ನೋಡಿ ಆಕೆಯೇ ತಟ್ಟೆಯನ್ನು ಎತ್ತಿಕೊಂಡು ಹೋಗಿ ಚೆಲ್ಲಿ ಬಂದರು. ‘ತುಂಬಾ ಮನೆಗಳಲ್ಲಿ ಸಿಗುತ್ತೆ ಮೇಡಂ, ಬೇಜಾರ್ ಮಾಡ್ಕೋಬೇಡಿ’ ಎಂದರು. ತೆರೆದ ಬಾಗಿಲಿನಾಚೆ, ಆರು ಹೆಜ್ಜೆ ದೂರದಲ್ಲಿ, ಹೆಡ್‌ಮಿಸ್ ನಿಂತಿದ್ದರು. ನೋಡಿದರು. ಏನೂ ಅನ್ನದೆ ಒಳಗೆ ಹೋದರು. ಆಕೆ ಏನೂ ಅನ್ನದೆ ಒಳಗೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಗಂಡ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಹೋಗಿ, ‘ತಪ್ಪಾಯ್ತು ಮಿಸ್’ ಎಂದೆ. ಕತ್ತರಿಯಲ್ಲಿ ಒಣಗಿದ ಎಲೆ ತೆಗೆಯುತ್ತಿದ್ದರು. ತಲೆಯೆತ್ತಲಿಲ್ಲ.

‘ಅವರು ಹುಷಾರಾದ್ರಾ?’

‘ಹ್ಞೂ, ಊಟ ಮಾಡ್ತಿದಾರೆ.’

‘ಒಳ್ಳೇದು. ನೋಟಿಸ್ ಎಲ್ಲಿ ಅಂಟಿಸಿದ್ರಿ?’

‘ಲಿಫ್ಟಿನ ಹತ್ರ.’

‘ಹಾಗಾದ್ರೆ ತಪ್ಪಾಯ್ತು ಅನ್ನೋದನ್ನೂ ಅಲ್ಲೇ ಅಂಟಿಸಿ. ನನ್ನ ಕಿವೀಲಿ ಹೇಳಿದ್ರೆ ಏನುಪಯೋಗ? ಬಯ್ದಿದ್ದು ಎಲ್ರೆದುರು.’

ನ್ಯಾಯವಾದ ಮಾತು. ಅಂದೇ ಕೂತು ಬರೆದೆ. ಕಾಗುಣಿತ ಎರಡೆರಡು ಸಲ ನೋಡಿದೆ. ಸಂಘದ ಮೊಹರು ಬೇಕೆಂದು ಅಧ್ಯಕ್ಷರಲ್ಲಿಗೆ ಒಯ್ದೆ. ಅವರು ಓದಿ, ‘ಇದೆಲ್ಲಾ ಯಾಕೆ ಮೇಡಂ? ಉರುಳಿ ವಿಷಯ ಮತ್ತೆ ಎದ್ದೇಳುತ್ತೆ. ಆಮೇಲೆ ನಿಮ್ಮ ಫ್ರಿಜ್ ವಿಷಯನೂ ಬರುತ್ತೆ. ಜನ ಹೇಗೂ ಮರ್ತಿದಾರೆ, ಬಿಡಿ’ ಎಂದರು. ನನ್ನ ಫ್ರಿಜ್ಜಿನ ಸುದ್ದಿ ಅವರಿಗೆ ಹೇಗೆ ಮುಟ್ಟಿತೋ ಕಾಣೆ. ನಾನು ಬಿಟ್ಟೆ. ಸಂಘದ ಕಾರ್ಯದರ್ಶಿಯಾಗಲು ಬೇಕಾದ ಅರ್ಹತೆ ನನ್ನಲ್ಲಿ ಪೂರ್ತಿಯಾಗಿದೆ.

ಹೆಡ್‌ಮಿಸ್ ಮತ್ತೆ ಅದರ ಮಾತೆತ್ತಲಿಲ್ಲ. ಗೌರಿ ಹಬ್ಬಕ್ಕೆ ಕರೆದರೆ ಬಂದರು. ಕೊಟ್ಟ ಲೋಟದ ನೀರನ್ನು ಹಾಗೇ ಕುಡಿದರು, ಮೀಟರು ಅದ್ದಲಿಲ್ಲ. ನೂರಕ್ಕೆ ಮೂವತ್ತೈದು ಕೊಟ್ಟಾಗಲೂ ನನಗೆ ಅಷ್ಟು ಅವಮಾನವಾಗಿರಲಿಲ್ಲ. ತಿದ್ದಿದರೆ ಸರಿಹೋದೀತು ಅನ್ನಿಸುವವರನ್ನೇ ಆಕೆ ತಿದ್ದುತ್ತಿದ್ದುದು.

ಆ ಬೇಗೂರಿನ ಕಾರ್ಯಕರ್ತೆ ಮಾತ್ರ ತಿಂಗಳಿಗೊಮ್ಮೆ ಡ್ಯೂಟಿ ಮುಗಿಸಿ ಬರತೊಡಗಿದರು. ಬಾಲ್ಕನಿಯಿಂದ ‘ಅಯ್ಯೋ ದಡ್ಡಿ, ಪಾಚಿನ ಅಷ್ಟು ಒತ್ಬೇಡ’ ಎಂಬ ಬೈಗುಳ ಕೇಳುತ್ತಿತ್ತು. ಅದನ್ನು ಕೇಳಿದಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ನಂಬುತ್ತೀರಾ?

ಹೋದ ತಿಂಗಳು ಎದೆನೋವೆಂದು ಆಸ್ಪತ್ರೆ ಸೇರಿದ ಹೆಡ್‌ಮಿಸ್ ಮೂರನೆಯ ದಿನ ಹೋದರು. ಗೊಟ್ಟಿಗೆರೆಯಿಂದ ತಂಗಿಯ ಮಗಳು ಬಂದು ಕಾರ್ಯವನ್ನೆಲ್ಲ ಮುಗಿಸಿ, ಮನೆ ಖಾಲಿ ಮಾಡಲು ನಿಂತಳು. ಆಗ ನಮ್ಮ ಕಟ್ಟಡಕ್ಕೆ ಒಮ್ಮೆಲೇ ಭಕ್ತಿ ಉಕ್ಕಿತು. ಮಿಸ್ ನೆನಪಿಗೆ ನಮಗೊಂದು ಗಿಡ ಬೇಕು ಎಂದು ಮೂರನೆಯ ಮಹಡಿಯವರು ಬಂದರು. ಅಧ್ಯಕ್ಷರಿಗೆ ಎರಡು ಬೇಕಿತ್ತು. ಉರುಳಿ ತೆಗೆದ ಜಾಗ ಖಾಲಿ ಕಾಣುತ್ತಿದೆಯಂತೆ, ಜೊತೆಗೆ ಹೇಗೂ ಸೊಳ್ಳೆ ತಿನ್ನುತ್ತದಂತೆ. ನಾನೂ ಒಂದು ಕೇಳೋಣವೆಂದು ಸಾಲಿನಲ್ಲಿ ನಿಂತಿದ್ದೆ.

ತಂಗಿಯ ಮಗಳು ಸಂಕೋಚದಿಂದ ಸೆರಗು ಹಿಂಡಿದಳು. ‘ಬೇಜಾರ್ ಮಾಡ್ಕೋಬೇಡಿ. ದೊಡ್ಡಮ್ಮ ಆಸ್ಪತ್ರೇಲೇ ಹೇಳ್ಬಿಟ್ಟಿದಾರೆ. ಗಿಡಗಳನ್ನೆಲ್ಲಾ ಆ ಬೇಗೂರಿನವರಿಗೆ ಕೊಡ್ಬೇಕಂತೆ.’

‘ಎಲ್ಲಾನೂ?’ ಎಂದರು ಅಧ್ಯಕ್ಷರು. ‘ಇಷ್ಟು ವರ್ಷ ಅಕ್ಕಪಕ್ಕ ಇದ್ದೋರು ನಾವು. ನಮ್ಮ ಬಗ್ಗೆ ಏನೂ ಹೇಳ್ಲಿಲ್ವಾ?’

‘ಹೇಳಿದ್ರು,’ ಎಂದು ಅವಳು ನೆಲ ನೋಡಿದಳು. ‘ಇಲ್ಲಿಯವರಿಗೆ ಕೊಟ್ರೆ ಹಾರ ಹಾಕಿ ಸಾಯಿಸ್ತಾರೆ ಅಂದ್ರು.’

ಗುಂಪು ಕರಗಿತು. ಅರ್ಧ ಗಂಟೆಯಲ್ಲಿ ಕಾರ್ಯಕರ್ತೆ ಆಟೋ ತಂದರು. ಕಣ್ಣು ಊದಿಕೊಂಡಿತ್ತು. ತಟ್ಟೆಗಳ ನೀರು ಬಸಿದು, ಕುಂಡಗಳನ್ನು ತರಕಾರಿ ಕ್ರೇಟಿನಲ್ಲಿ ಒತ್ತಾಗಿ ಜೋಡಿಸಿ, ಎಲೆಗೆ ಎಲೆ ತಾಗದಂತೆ ನಡುವೆ ರಟ್ಟಿನ ತುಂಡು ಸಿಕ್ಕಿಸಿದರು. ಕೊನೆಯ ಕುಂಡಕ್ಕೆ ಕ್ರೇಟಿನಲ್ಲಿ ಜಾಗ ಸಾಲಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟು ಆಟೋ ಹತ್ತಿ ಕೂತರು. ಅಷ್ಟು ವರ್ಷಗಳಲ್ಲಿ ನಾನು ಆ ಗಿಡವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ನಡುವಿನಿಂದ ಬೆಂಕಿಕಡ್ಡಿಯಷ್ಟು ಸಪೂರವಾದ ಒಂದು ಕಡ್ಡಿ ಮೇಲೆದ್ದು ತಲೆ ಬಾಗಿಸಿಕೊಂಡಿತ್ತು.

‘ಮೇಡಂ, ಹೂವಿನ ಕಡ್ಡಿ ಬರ್ತಿದೆ ನೋಡಿ,’ ಎಂದರು ಆಕೆ, ಕೈಚಾಚುತ್ತ. ‘ಇದನ್ನ ಬಿಡ್ಬೇಕಾ, ಕತ್ತರಿಸ್ಬೇಕಾ? ಕೇಳ್ಬೇಕು ಅನ್ಕೊಂಡಿದ್ದೆ, ಅಷ್ಟರಲ್ಲಿ ಅಮ್ಮ ಹೋಗ್ಬಿಟ್ರು. ಹೂ ಬಂದಾಗ ಅವರು ಏನ್ ಮಾಡ್ತಿದ್ರು?’

‘ನಂಗೊತ್ತಿಲ್ಲ’ ಎಂದೆ.

ಆಕೆ ನನ್ನ ಮುಖ ನೋಡಿದರು. ಚುಚ್ಚುವ ಉದ್ದೇಶವೇನೂ ಇರಲಿಲ್ಲ, ನಿಜವಾಗಿಯೂ ಆಶ್ಚರ್ಯವಾಗಿತ್ತು.

‘ಎದುರು ಮನೆನೇ ಅಲ್ವಾ ಮೇಡಂ ನಿಮ್ದು?’

‘ಹೌದು’ ಎಂದು ಕುಂಡವನ್ನು ಅವರ ಮಡಿಲಲ್ಲಿಟ್ಟೆ.